ವಿಚಾರಣೆಗೆ ಮುಂಚಿನ ಸೆರೆ: ಘೋರ ಹಿಂಸೆಯ ಪ್ರಕರಣಗಳಲ್ಲಿ ಜಾಮೀನಿನ ವಿವಾದ

ಕೊಲೆ, ಅತ್ಯಾಚಾರ, ಗುಂಪು ಹಲ್ಲೆ ಮೊದಲಾದ ಘೋರ ಹಿಂಸೆಯ ಆರೋಪ ಹೊತ್ತವರಿಗೆ ವಿಚಾರಣೆ ಮುಗಿಯುವ ಮೊದಲೇ ಜಾಮೀನು ದೊರೆತಾಗಲೆಲ್ಲ ಸಾರ್ವಜನಿಕ ಚರ್ಚೆ ಎರಡು ದಾರಿ ಹಿಡಿಯುತ್ತದೆ. ಆರೋಪ ರುಜುವಾತಾಗುವವರೆಗೆ ಯಾರನ್ನೂ ಅಪರಾಧಿಯೆಂದು ಎಣಿಸುವಂತಿಲ್ಲವಾದ್ದರಿಂದ ಜಾಮೀನು ಕೊಟ್ಟದ್ದು ನ್ಯಾಯವೇ ಎಂದು ಒಂದು ಪಕ್ಷ ವಾದಿಸಿದರೆ, ಸತ್ತವನ ಮನೆಯವರ ಕಣ್ಣೀರು ಆರುವ ಮುನ್ನ ಆರೋಪಿ ಊರಿಗೆ ಮರಳಿ ಹಾರ ಹಾಕಿಸಿಕೊಳ್ಳುವುದಾದರೆ ಕಾನೂನು ಯಾರ ಪಾಲಿಗೆ ಉಳಿದಿದೆ ಎಂದು ಇನ್ನೊಂದು ಪಕ್ಷ ಕೇಳುತ್ತದೆ. ಎರಡು ಮಾತಿನಲ್ಲೂ ಹುರುಳಿದೆ. ಆದರೆ ಇಬ್ಬರೂ ಗಮನಿಸದೆ ಬಿಡುವ ಸಂಗತಿಯೊಂದಿದ್ದು, ಪ್ರಸ್ತುತ ಉಪನ್ಯಾಸದ ವಾದ ಅದನ್ನೇ ಕುರಿತದ್ದಾಗಿದೆ. ಪೊಲೀಸರು ತನಿಖೆ ಮುಗಿಸಲು ಇಷ್ಟೇ ದಿನವೆಂದು ಕಟ್ಟುನಿಟ್ಟಾಗಿ ಎಣಿಸುವ ಭಾರತದ ಕಾನೂನು, ದೋಷಾರೋಪ ಪಟ್ಟಿ ಸಲ್ಲಿಕೆಯಾದ ಮರುಗಳಿಗೆಯಿಂದ, ಅತ್ಯಂತ ಘೋರವಾದ ಆರೋಪಗಳ ಮಟ್ಟಿಗೆ, ಸೆರೆಯ ದಿನಗಳನ್ನು ಎಣಿಸುವುದನ್ನೇ ನಿಲ್ಲಿಸಿಬಿಡುತ್ತದೆ. ಜಾಮೀನಿನ ಕುರಿತ ಬಹುಪಾಲು ಜಗಳ ಹುಟ್ಟುವುದು ಈ ತೆರಪಿನಲ್ಲಿ.

ವಿವಾದವನ್ನು ತಿಳಿಯಲು ಮೊದಲು ಶಾಸನದ ಚೌಕಟ್ಟನ್ನು ನೋಡಬೇಕು. ಜಾಮೀನು ಎಂದರೆ ಆರೋಪಿಯು ಕರೆದಾಗ ನ್ಯಾಯಾಲಯದ ಮುಂದೆ ಹಾಜರಾಗುವನೆಂಬ ಭರವಸೆಯ ಮೇಲೆ, ಮುಚ್ಚಳಿಕೆ ಬರೆಸಿಕೊಂಡು, ಬೇಕಾದಲ್ಲಿ ಜಾಮೀನುದಾರರ ಹೊಣೆಯನ್ನೂ ಪಡೆದು ಅವನನ್ನು ಬಂಧನದಿಂದ ಬಿಡುವ ವ್ಯವಸ್ಥೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಅದಕ್ಕೆ ಹಿಂದಿನ 1973ರ ದಂಡ ಪ್ರಕ್ರಿಯಾ ಸಂಹಿತೆಯಂತೆ ಅಪರಾಧಗಳನ್ನು ಜಾಮೀನು ಸಹಿತ ಮತ್ತು ಜಾಮೀನು ರಹಿತ ಎಂದು ಎರಡಾಗಿ ವಿಂಗಡಿಸುತ್ತದೆ. ಜಾಮೀನು ರಹಿತ ಎಂಬ ಮಾತನ್ನು ಜಾಮೀನೇ ಸಿಗದು ಎಂದು ಅರ್ಥಮಾಡುವ ರೂಢಿ ಪತ್ರಿಕೆಗಳಲ್ಲೂ ಇದೆ. ವಾಸ್ತವವಾಗಿ ಅದು ಹಕ್ಕಾಗಿ ಸಿಗದು, ನ್ಯಾಯಾಲಯದ ವಿವೇಚನೆಯಿಂದ ಸಿಗಬಹುದು ಎಂಬಷ್ಟೇ ಅರ್ಥದ್ದು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಅರ್ಹವಾದ ಅಪರಾಧವನ್ನು ಆರೋಪಿ ಎಸಗಿರುವನೆಂದು ನಂಬಲು ಸಕಾರಣ ಕಂಡುಬಂದರೆ ಮ್ಯಾಜಿಸ್ಟ್ರೇಟರು ಅವನನ್ನು ಬಿಡುವಂತಿಲ್ಲವೆಂದು ಸಂಹಿತೆಯ 480ನೆಯ ಕಲಮು ಹೇಳುತ್ತದೆ, ಮಕ್ಕಳು, ಮಹಿಳೆಯರು, ರೋಗಿಗಳು ಮತ್ತು ಅಶಕ್ತರಿಗೆ ಮಾತ್ರ ವಿನಾಯಿತಿಗೆ ಅವಕಾಶವಿಡುತ್ತದೆ. ಸೆಷನ್ಸ್ ನ್ಯಾಯಾಲಯ ಮತ್ತು ಹೈಕೋರ್ಟುಗಳಿಗೆ ಅಧಿಕಾರ ಕೊಡುವ 483ನೆಯ ಕಲಮಿನಲ್ಲಿ ಈ ನಿರ್ಬಂಧದ ಮಾತಿಲ್ಲ. ಆದರೂ ಅದರ ಹಿಂದಿನ ಕಾಳಜಿಗಳನ್ನು ಮೇಲಿನ ನ್ಯಾಯಾಲಯಗಳೂ ಮರೆಯಬಾರದೆಂದು ಸುಪ್ರೀಂ ಕೋರ್ಟು ಗುರುಚರಣ್ ಸಿಂಗ್ ಪ್ರಕರಣದಲ್ಲಿಯೇ, ಹಳೆಯ ಸಂಹಿತೆಯ ಸಮಾನ ಕಲಮುಗಳ ಸಂದರ್ಭದಲ್ಲಿ, ತಿಳಿಸಿತ್ತು. ಆ ಪ್ರಕರಣದ ಆರೋಪಿಗಳು ತಮ್ಮ ವಶದಲ್ಲಿದ್ದ ಡಕಾಯಿತನೊಬ್ಬನನ್ನು ಕೊಂದ ಆರೋಪ ಹೊತ್ತ ದೆಹಲಿಯ ಪೊಲೀಸ್ ಅಧಿಕಾರಿಗಳು ಎಂಬುದು ಗಮನಾರ್ಹ.

ಜಾಮೀನು ನಿಯಮ, ಜೈಲು ಅಪವಾದ ಎಂಬ ಸೂತ್ರ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರ ಹೆಸರಿನೊಂದಿಗೆ ಬೆಸೆದುಕೊಂಡಿದೆ. 1977ರ ಬಾಲಚಂದ್ ಪ್ರಕರಣದಲ್ಲಿ ಅದು ಮೊದಲು ಮೂಡಿತು. ಅದರ ಬೆನ್ನಿಗೇ ಬಂದ ಗುಡಿಕಂಟಿ ನರಸಿಂಹುಲು ಪ್ರಕರಣದಲ್ಲಿ ವಿಸ್ತಾರ ಪಡೆಯಿತು. ಸೂತ್ರವನ್ನು ಉದ್ಧರಿಸುವವರು ಸಾಮಾನ್ಯವಾಗಿ ನೆನೆಯದ ವಿವರವೆಂದರೆ, ಗುಡಿಕಂಟಿ ಪ್ರಕರಣ ಕಿರುಗಳ್ಳತನದ್ದಾಗಿರದೆ ಕೊಲೆಯದಾಗಿತ್ತು, ವಿಚಾರಣಾ ನ್ಯಾಯಾಲಯ ಬಿಡುಗಡೆ ಮಾಡಿದ್ದವರನ್ನು ಆಂಧ್ರ ಪ್ರದೇಶದ ಹೈಕೋರ್ಟು ಅಪರಾಧಿಗಳೆಂದು ತೀರ್ಮಾನಿಸಿದ ಮೇಲೆ ಅವರು ಸುಪ್ರೀಂ ಕೋರ್ಟಿಗೆ ಬಂದಿದ್ದರು. ಹೀಗಾಗಿ ಈ ಉದಾರ ಸೂತ್ರ ಸಣ್ಣ ಅಪರಾಧಗಳಿಗಷ್ಟೇ ಮೀಸಲು, ಕೊಲೆಯ ಆರೋಪಕ್ಕೆ ಅದು ಅನ್ವಯಿಸದು ಎಂಬ ಮಾತಿಗೆ ಇತಿಹಾಸದ ಬೆಂಬಲವಿಲ್ಲ. ಹಾಗೆಂದು ಸೂತ್ರವೊಂದೇ ಪ್ರಕರಣವನ್ನು ಇತ್ಯರ್ಥ ಮಾಡುವುದೂ ಇಲ್ಲ. ಮೇಲ್ನೋಟಕ್ಕೆ ಆರೋಪ ನಂಬತಕ್ಕದ್ದೇ, ಅಪರಾಧದ ಸ್ವರೂಪವೇನು, ಶಿಕ್ಷೆ ಎಷ್ಟು ಕಠಿಣ, ಆರೋಪಿ ತಲೆಮರೆಸಿಕೊಳ್ಳಬಹುದೇ, ಅವನ ಸ್ಥಾನಮಾನ ಮತ್ತು ನಡತೆ ಎಂತಹವು, ಮತ್ತೆ ಅಪರಾಧಕ್ಕಿಳಿಯಬಹುದೇ, ಸಾಕ್ಷಿಗಳನ್ನು ಹೆದರಿಸಬಹುದೇ, ನ್ಯಾಯದಾನವೇ ಕೆಡುವ ಅಪಾಯವಿದೆಯೇ ಎಂಬ ಪ್ರಶ್ನೆಗಳನ್ನು ಸುಪ್ರೀಂ ಕೋರ್ಟು 2010ರ ಪ್ರಶಾಂತ ಕುಮಾರ್ ಸರ್ಕಾರ್ ತೀರ್ಪಿನಲ್ಲಿ ಒಂದೆಡೆ ಜೋಡಿಸಿಕೊಟ್ಟಿತು. ಇವುಗಳಲ್ಲಿ ಮೊದಲ ಮೂರು ಆಗಿಹೋದ ಕೃತ್ಯವನ್ನು ಕುರಿತವು, ಉಳಿದವು ಬಹುಪಾಲು ಮುಂದಾಗಬಹುದಾದ ಕೇಡನ್ನು ಕುರಿತವು. ಸಾರ್ವಜನಿಕರ ಕಣ್ಣೆಲ್ಲ ಮೊದಲನೆಯ ಬಗೆಯ ಮೇಲಿರುತ್ತದೆ; ವಿಚಾರಣೆಗೆ ಮುಂಚಿನ ಸೆರೆಯನ್ನು ನಿಜವಾಗಿ ಸಮರ್ಥಿಸಬಲ್ಲದ್ದು ಮಾತ್ರ ಎರಡನೆಯದು. ಕೃತ್ಯ ಎಷ್ಟೇ ಭೀಕರವಾಗಿರಲಿ, ಅದನ್ನು ಮಾಡಿದವನು ಇವನೇ ಎಂಬುದು ತೀರ್ಮಾನವಾಗುವ ಮುನ್ನ ಕೊಡುವ ಸೆರೆಯನ್ನು ಶಿಕ್ಷೆಯಾಗಿ ಎಣಿಸುವುದಾದರೆ ವಿಚಾರಣೆಯ ಅಗತ್ಯವೇ ಉಳಿಯದು.

ಕರ್ನಾಟಕದ ಮೂರು ಪ್ರಕರಣಗಳು ಈ ಪ್ರಶ್ನೆಯ ಮೂರು ಮುಖಗಳನ್ನು ತೋರಿಸುವುದರಿಂದ ಅವುಗಳ ಬಳಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುವುದು ಉಚಿತ. ಮೂರರಲ್ಲೂ ಇಲ್ಲಿ ಚರ್ಚಿಸುವುದು ಜಾಮೀನಿನ ಆದೇಶಗಳನ್ನಷ್ಟೇ ಹೊರತು ಆರೋಪಗಳ ನಿಜವನ್ನಲ್ಲ.

ಪತ್ರಕರ್ತೆ ಗೌರಿ ಲಂಕೇಶ್ ಅವರನ್ನು 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನ ರಾಜರಾಜೇಶ್ವರಿ ನಗರದ ಅವರ ಮನೆಯ ಬಾಗಿಲಲ್ಲಿಯೇ ಗುಂಡಿಕ್ಕಿ ಕೊಲ್ಲಲಾಯಿತು. ವಿಶೇಷ ತನಿಖಾ ತಂಡ ಆರೋಪಿಗಳ ಮೇಲೆ ಕೋಕಾ ಎಂದೇ ಹೆಸರಾದ ಕರ್ನಾಟಕ ಸಂಘಟಿತ ಅಪರಾಧಗಳ ನಿಯಂತ್ರಣ ಕಾಯ್ದೆಯನ್ನೂ ಹೇರಿತು. ಈ ಕಾಯ್ದೆಯ 22ನೆಯ ಕಲಮಿನ ಪ್ರಕಾರ, ಆರೋಪಿ ತಪ್ಪಿತಸ್ಥನಲ್ಲವೆಂದು ನಂಬಲು ಸಕಾರಣವಿದೆಯೆಂದೂ ಹೊರಗೆ ಹೋದರೆ ಮತ್ತೆ ಅಪರಾಧ ಎಸಗಲಾರನೆಂದೂ ನ್ಯಾಯಾಲಯಕ್ಕೆ ಮನವರಿಕೆಯಾಗದೆ ಜಾಮೀನು ಕೊಡುವಂತಿಲ್ಲ. ನಿರಪರಾಧಿತ್ವದ ಊಹೆಯನ್ನು ಈ ಬಗೆಯ ಅವಳಿ ಷರತ್ತು ತಲೆಕೆಳಗು ಮಾಡುತ್ತದೆ ಎನ್ನಬಹುದು. ಒಬ್ಬ ಆರೋಪಿಯ ಮೇಲಿನ ಕೋಕಾ ಆರೋಪವನ್ನು ಹೈಕೋರ್ಟು 2021ರ ಏಪ್ರಿಲ್‌ನಲ್ಲಿ ರದ್ದುಪಡಿಸಿದಾಗ, ಗೌರಿಯವರ ಸೋದರಿ ಕವಿತಾ ಲಂಕೇಶ್ ಸುಪ್ರೀಂ ಕೋರ್ಟಿಗೆ ಹೋಗಿ ಅದೇ ವರ್ಷದ ಅಕ್ಟೋಬರ್‌ನಲ್ಲಿ ಆ ಆದೇಶವನ್ನು ತೆರವು ಮಾಡಿಸಿದರು. ಇಷ್ಟಾದರೂ ಅದೇ ಆರೋಪಿಗೆ 2023ರ ಡಿಸೆಂಬರ್‌ನಲ್ಲಿ ಹೈಕೋರ್ಟು ಜಾಮೀನು ನೀಡಿತು. ಅವನು ಐದು ವರ್ಷಕ್ಕೂ ಮೀರಿ ಸೆರೆಯಲ್ಲಿದ್ದುದು, ಐನೂರಕ್ಕೂ ಹೆಚ್ಚು ಸಾಕ್ಷಿಗಳ ಪೈಕಿ ಆ ಹೊತ್ತಿಗೆ 90 ಮಂದಿಯ ಹೇಳಿಕೆಯಷ್ಟೇ ದಾಖಲಾಗಿದ್ದುದು, ವಿಳಂಬಕ್ಕೆ ಅವನು ಕಾರಣನಲ್ಲವೆಂಬುದು ಆದೇಶದ ಆಧಾರ. ಆ ಜಾಮೀನನ್ನು ರದ್ದುಗೊಳಿಸಲು 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ನಿರಾಕರಿಸಿ ವಿಚಾರಣೆಯನ್ನು ಬೇಗ ಮುಗಿಸುವಂತೆ ಸೂಚಿಸಿತು. ಮುಂದೆ ಒಬ್ಬರ ಹಿಂದೊಬ್ಬರಂತೆ ಉಳಿದವರೂ ಹೊರಬಂದರು. 2024ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ ಇಬ್ಬರಿಗೆ ವಿಜಯಪುರದಲ್ಲಿ ಹಾರ ಹಾಕಿ ಸನ್ಮಾನಿಸಲಾಯಿತು.

ಆ ಹಾರಗಳ ಚಿತ್ರ ನಾಡಿನ ಬಹಳ ಮಂದಿಯನ್ನು ನೋಯಿಸಿತು, ನೋಯಿಸಬೇಕಾದದ್ದೇ ಆಗಿತ್ತು. ಆದರೆ ಹೈಕೋರ್ಟಿನ ಆದೇಶದಲ್ಲಿ ತಪ್ಪು ಹುಡುಕುವುದು ಕಷ್ಟ. ಕೊಲೆಯಾಗಿ ಐದು ವರ್ಷ ಸಮೀಪಿಸಿದ ಮೇಲೆ, 2022ರ ಜುಲೈನಲ್ಲಿ, ಸಾಕ್ಷಿಗಳ ವಿಚಾರಣೆ ಆರಂಭವಾದ ಪ್ರಕರಣದಲ್ಲಿ ಪ್ರಭುತ್ವವು ಆರೋಪಿಯನ್ನು ಇನ್ನೆಷ್ಟು ಕಾಲ ಇರಿಸಿಕೊಳ್ಳಬೇಕೆಂದು ಕೇಳಬಹುದಿತ್ತು? ಜಾಮೀನು ಕೊಟ್ಟ ನ್ಯಾಯಾಧೀಶರ ಮೇಲೆ ಸುರಿದ ಸಿಟ್ಟಿನಲ್ಲಿ ಒಂದು ಪಾಲು ವಿಚಾರಣೆಗೆ ಹೆಚ್ಚಿನ ನ್ಯಾಯಾಲಯ, ಹೆಚ್ಚಿನ ಸರ್ಕಾರಿ ಅಭಿಯೋಜಕರು, ಹೆಚ್ಚಿನ ದಿನಗಳನ್ನು ಒದಗಿಸದ ಸರ್ಕಾರಗಳ ಮೇಲೆ ಸುರಿದಿದ್ದರೆ ಸಾಕ್ಷಿಗಳ ಪಟ್ಟಿ ಇಷ್ಟು ನಿಧಾನವಾಗಿ ಸವೆಯುತ್ತಿರಲಿಲ್ಲ.

ಎರಡನೆಯದು ಧಾರವಾಡದ ಪ್ರಕರಣ. ಜಿಲ್ಲಾ ಪಂಚಾಯಿತಿ ಸದಸ್ಯ ಯೋಗೇಶ್ ಗೌಡ ಅವರ ಕೊಲೆ ನಡೆದದ್ದು 2016ರ ಜೂನ್‌ನಲ್ಲಿ. ತನಿಖೆ ಸಿಬಿಐಗೆ ಹೋದ ಮೇಲೆ, 2020ರ ನವೆಂಬರ್‌ನಲ್ಲಿ ಮಾಜಿ ಸಚಿವ ವಿನಯ ಕುಲಕರ್ಣಿ ಅವರ ಬಂಧನವಾಯಿತು. 2021ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಅವರಿಗೆ ಜಾಮೀನು ಕೊಟ್ಟಿತಾದರೂ ಅನುಮತಿಯಿಲ್ಲದೆ ಧಾರವಾಡ ಜಿಲ್ಲೆಯನ್ನು ಪ್ರವೇಶಿಸಬಾರದೆಂದು ವಿಧಿಸಿತು. ಕ್ಷೇತ್ರದೊಳಗೆ ಕಾಲಿಡದೆಯೇ ಅವರು 2023ರ ವಿಧಾನಸಭಾ ಚುನಾವಣೆಯಲ್ಲಿ ಗೆದ್ದದ್ದು ರಾಜ್ಯದ ರಾಜಕೀಯ ಚರಿತ್ರೆಯ ವಿಚಿತ್ರಗಳಲ್ಲೊಂದು. ಆರೋಪಿಯ ಪ್ರಭಾವವನ್ನು ಜಿಲ್ಲೆಯ ಗಡಿಯಲ್ಲಿ ತಡೆಯಬಹುದೆಂಬ ನ್ಯಾಯಾಲಯದ ನಂಬಿಕೆ ಎಷ್ಟು ದುರ್ಬಲವೆಂಬುದನ್ನೂ ಆ ಗೆಲುವು ಸೂಚಿಸುತ್ತದೆ. 2025ರ ಜೂನ್‌ನಲ್ಲಿ, ಸಾಕ್ಷಿಗಳನ್ನು ಸಂಪರ್ಕಿಸಿ ಪ್ರಭಾವ ಬೀರುವ ಯತ್ನ ನಡೆದಿದೆಯೆಂಬುದಕ್ಕೆ ಆಧಾರವಿದೆಯೆಂದು ಕಂಡುಕೊಂಡ ಸುಪ್ರೀಂ ಕೋರ್ಟು ಆ ಜಾಮೀನನ್ನು ರದ್ದುಪಡಿಸಿತು. ಕಾನೂನಿನ ದೃಷ್ಟಿಯಲ್ಲಿ ಇದು ಜಾಮೀನಿನ ವ್ಯವಸ್ಥೆ ಕೆಲಸ ಮಾಡಬೇಕಾದ ಕ್ರಮವೇ ಸರಿ. ಬಿಡುಗಡೆಗೆ ಷರತ್ತು, ಷರತ್ತಿನ ಮೇಲೆ ಕಣ್ಣು, ಉಲ್ಲಂಘನೆ ಕಂಡರೆ ಮರಳಿ ಸೆರೆ. ಆದರೆ ಇಂಥ ಕಣ್ಣಿಡುವ ವ್ಯವಸ್ಥೆ ಸಿಬಿಐ ಬೆನ್ನಿಗಿರುವ, ಪತ್ರಿಕೆಗಳು ಕಾಯುತ್ತಿರುವ ಪ್ರಕರಣಗಳಲ್ಲಿ ಮಾತ್ರ ಕಾಣಿಸುತ್ತದೆ. ಹಳ್ಳಿಯೊಂದರ ಜಮೀನಿನ ಜಗಳದಲ್ಲಿ ನಡೆದ ಕೊಲೆಯ ಆರೋಪಿ ಜಾಮೀನಿನ ಮೇಲೆ ಬಂದು ಪಕ್ಕದ ಮನೆಯಲ್ಲೇ ವಾಸಿಸುವ ಸಾಕ್ಷಿಗೆ ಏನು ಹೇಳಿದನೆಂಬುದನ್ನು ದಾಖಲಿಸುವವರು ಯಾರೂ ಇರುವುದಿಲ್ಲ. ಸಾಕ್ಷಿ ಕಟಕಟೆಯಲ್ಲಿ ನಿಂತು ತನಗೇನೂ ತಿಳಿಯದೆಂದು ಹೇಳಿ ಪ್ರತಿಕೂಲ ಸಾಕ್ಷಿಯಾದಾಗಲಷ್ಟೇ ಅದು ಹೊರಬೀಳುತ್ತದೆ.

ಮೂರನೆಯದು, ಚಿತ್ರದುರ್ಗದ ಯುವಕನೊಬ್ಬನ ಕೊಲೆಯ ಆರೋಪದಲ್ಲಿ ನಟ ದರ್ಶನ್ 2024ರ ಜೂನ್ 11ರಂದು ಬಂಧಿತರಾದ ಪ್ರಕರಣ. ಪೊಲೀಸರು 90 ದಿನಗಳ ಗಡುವಿನೊಳಗೆ ಸುಮಾರು 4000 ಪುಟಗಳ ದೋಷಾರೋಪ ಪಟ್ಟಿ ಸಲ್ಲಿಸಿದರು. ಅಕ್ಟೋಬರ್ ಕೊನೆಯಲ್ಲಿ ಚಿಕಿತ್ಸೆಗಾಗಿ ಮಧ್ಯಂತರ ಜಾಮೀನು, ಡಿಸೆಂಬರ್ 13ರಂದು ಅವರೂ ಸೇರಿದಂತೆ ಏಳು ಮಂದಿಗೆ ಕ್ರಮಬದ್ಧ ಜಾಮೀನು ಹೈಕೋರ್ಟಿನಿಂದ ದೊರೆತವು. ರಾಜ್ಯ ಸರ್ಕಾರದ ಮೇಲ್ಮನವಿಯ ಮೇಲೆ ನ್ಯಾಯಮೂರ್ತಿಗಳಾದ ಜೆ. ಬಿ. ಪಾರ್ದೀವಾಲಾ ಮತ್ತು ಆರ್. ಮಹದೇವನ್ ಅವರ ಪೀಠ 2025ರ ಆಗಸ್ಟ್ 14ರಂದು ಆ ಆದೇಶವನ್ನು ತೆರವುಗೊಳಿಸಿತು. ಧಾರವಾಡದ ಪ್ರಕರಣಕ್ಕೂ ಇದಕ್ಕೂ ಇರುವ ಅಂತರ ಸೂಕ್ಷ್ಮವಾದುದು. ಜಾಮೀನು ಪಡೆದವನು ಆಮೇಲೆ ಅದನ್ನು ದುರುಪಯೋಗ ಮಾಡಿದ್ದಕ್ಕಾಗಿ ಹಿಂಪಡೆಯುವುದು ಒಂದು. ಜಾಮೀನಿನ ಆದೇಶವೇ ಮೊದಲಿನಿಂದ ದೋಷಪೂರ್ಣವಾಗಿತ್ತೆಂದು ಮೇಲಿನ ನ್ಯಾಯಾಲಯ ಅದನ್ನು ಬದಿಗೊತ್ತುವುದು ಇನ್ನೊಂದು. ಎರಡನೆಯದಕ್ಕೆ ಆರೋಪಿಯ ತಪ್ಪು ನಡತೆ ಬೇಕಿಲ್ಲ, ಆದೇಶದ ತರ್ಕ ಕುಂಟುತ್ತಿದ್ದರೆ ಸಾಕು. ಜಾಮೀನಿನ ಹಂತದಲ್ಲಿಯೇ ಸಾಕ್ಷಿಗಳ ಹೇಳಿಕೆಗಳನ್ನು ತೂಗಿ ನೋಡಿ ಹೈಕೋರ್ಟು ವಿಚಾರಣಾ ನ್ಯಾಯಾಲಯದ ಕೆಲಸವನ್ನು ತಾನೇ ಮಾಡಲು ಹೊರಟಿತೆಂಬುದು, ಬಂಧನದ ಕಾರಣಗಳನ್ನು ಲಿಖಿತವಾಗಿ ಕೊಡಲು ವಿಳಂಬವಾಯಿತೆಂಬುದನ್ನು, ಅದರಿಂದ ಆರೋಪಿಗೆ ನಿಜವಾದ ಬಾಧಕವಾದುದನ್ನು ತೋರಿಸದೆ, ಜಾಮೀನಿಗೆ ಆಧಾರ ಮಾಡಿಕೊಂಡಿತೆಂಬುದು ಸುಪ್ರೀಂ ಕೋರ್ಟಿನ ಮುಖ್ಯ ಆಕ್ಷೇಪಗಳು.

ಈ ಎರಡನೆಯ ಆಕ್ಷೇಪ ಅಲ್ಲಿಗೇ ಮುಗಿಯಲಿಲ್ಲ. 2025ರ ನವೆಂಬರ್‌ನಲ್ಲಿ ಅದೇ ಸುಪ್ರೀಂ ಕೋರ್ಟಿನ ಇನ್ನೊಂದು ಪೀಠ ಮಿಹಿರ್ ರಾಜೇಶ್ ಶಾ ಪ್ರಕರಣದಲ್ಲಿ, ಅಪರಾಧ ಯಾವುದೇ ಇರಲಿ, ಬಂಧನದ ಕಾರಣಗಳನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಲೇಬೇಕೆಂದು, ಕನಿಷ್ಠ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವ ಎರಡು ಗಂಟೆ ಮುಂಚೆಯಾದರೂ ಅದು ಅವನ ಕೈಸೇರಬೇಕೆಂದು, ತಪ್ಪಿದರೆ ಬಂಧನವೇ ಅಕ್ರಮವೆಂದು ಹೇಳಿತು. ತಾಂತ್ರಿಕ ಕಾರಣಕ್ಕೆ ಕೊಲೆ ಆರೋಪಿಯನ್ನು ಬಿಟ್ಟರೆಂಬ ಮಾತು ಜನರಲ್ಲಿ ಅಸಮಾಧಾನ ಹುಟ್ಟಿಸುವುದು ಸಹಜವಾದರೂ, ಒಂದು ಹಾಳೆ ಬರೆದು ಕೊಡುವ ಹೊಣೆ ಪೊಲೀಸರದು. ಕನ್ನಡದಲ್ಲಿ ಬರೆದ ಒಂದು ಪುಟದ ಕೊರತೆಯಿಂದ ಘೋರ ಪ್ರಕರಣವೊಂದು ಸಡಿಲವಾಗುವುದಾದರೆ ಸಿಟ್ಟು ಯಾರ ಕಡೆ ತಿರುಗಬೇಕೆಂಬುದು ಸ್ಪಷ್ಟ.

ಹಣಬಲ, ಜನಬಲ ಉಳ್ಳವರ ಜಾಮೀನು ಇತರರದಕ್ಕಿಂತ ಬೇಗ ಕೈಗೂಡುತ್ತದೆಂಬ ದೂರಿಗೆ ಉತ್ತರ ಪ್ರದೇಶದ ಲಖೀಂಪುರ ಖೇರಿಯ ಪ್ರಕರಣ ಪ್ರಸಿದ್ಧ ಉದಾಹರಣೆ. 2021ರ ಅಕ್ಟೋಬರ್ 3ರಂದು ಪ್ರತಿಭಟನೆ ನಡೆಸುತ್ತಿದ್ದ ರೈತರ ಮೇಲೆ ವಾಹನಗಳು ಹರಿದು, ಆ ಬಳಿಕದ ಹಿಂಸೆಯೂ ಸೇರಿ ಎಂಟು ಮಂದಿ ಸತ್ತರು. ಆಗಿನ ಕೇಂದ್ರ ಗೃಹ ಖಾತೆಯ ರಾಜ್ಯ ಸಚಿವರ ಮಗ ಆಶಿಶ್ ಮಿಶ್ರಾ ಪ್ರಮುಖ ಆರೋಪಿ. ಅಲಹಾಬಾದ್ ಹೈಕೋರ್ಟು 2022ರ ಫೆಬ್ರವರಿ 10ರಂದು ಕೊಟ್ಟ ಜಾಮೀನನ್ನು ಸುಪ್ರೀಂ ಕೋರ್ಟು ಏಪ್ರಿಲ್ 18ರಂದು ರದ್ದು ಮಾಡಿತು. ಸತ್ತವರ ಕುಟುಂಬಗಳ ವಕೀಲರ ಸಂಪರ್ಕ ಆನ್‌ಲೈನ್ ಕಲಾಪದ ನಡುವೆ ಕಡಿದುಹೋಗಿ ಅವರ ಮಾತನ್ನು ಕೇಳದೆಯೇ ಆದೇಶವಾಗಿತ್ತು. ಅಪರಾಧದ ಸಂತ್ರಸ್ತರು ಪ್ರಕರಣದ ಬರಿಯ ಪ್ರೇಕ್ಷಕರಲ್ಲ, ತನಿಖೆಯ ಹಂತದಿಂದ ಮೇಲ್ಮನವಿಯವರೆಗೆ ಮಾತನಾಡುವ ಹಕ್ಕು ಅವರಿಗಿದೆ ಎಂದು ಸುಪ್ರೀಂ ಕೋರ್ಟು ನಿರ್ಣಯಿಸಿತು. ಜಾಮೀನಿನ ವಿಚಾರಣೆಯಲ್ಲಿ ಸರ್ಕಾರ ಮತ್ತು ಆರೋಪಿ ಎಂಬ ಎರಡೇ ಪಕ್ಷಗಳಿದ್ದ ಹಳೆಯ ಚಿತ್ರವನ್ನು ಈ ತೀರ್ಪು ಬದಲಿಸಿತು. ದಲಿತರ ಮೇಲಿನ ದೌರ್ಜನ್ಯದ ಪ್ರಕರಣಗಳಲ್ಲಿ ಸಂತ್ರಸ್ತರಿಗೆ ಮುಂಚಿತವಾಗಿ ತಿಳಿಸಬೇಕೆಂಬ ನಿಯಮ, ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯ 15ಎ ಕಲಮಿನ ಮೂಲಕ, ಅದಕ್ಕೂ ಮೊದಲೇ ಬಂದಿತ್ತು.

ಲಖೀಂಪುರದ ಕಥೆ ರದ್ದತಿಯೊಂದಿಗೆ ಮುಗಿದಿದ್ದರೆ ಪಾಠ ಸರಳವಾಗಿರುತ್ತಿತ್ತು. ವಿಚಾರಣೆ ಮುಗಿಯಲು ಎಷ್ಟು ಕಾಲ ಬೇಕೆಂದು ಸುಪ್ರೀಂ ಕೋರ್ಟು ಕೇಳಿದಾಗ, 208 ಸಾಕ್ಷಿಗಳಿರುವ ಕಾರಣ ಸುಮಾರು ಐದು ವರ್ಷ ಹಿಡಿಯಬಹುದೆಂದು ಸೆಷನ್ಸ್ ನ್ಯಾಯಾಧೀಶರು ವರದಿ ಕಳಿಸಿದರು. ಆ ವರದಿ ಬಂದ ಮೇಲೆ, 2023ರ ಜನವರಿಯಲ್ಲಿ, ಅದೇ ಸುಪ್ರೀಂ ಕೋರ್ಟು ಅದೇ ಆರೋಪಿಗೆ ಉತ್ತರ ಪ್ರದೇಶ ಮತ್ತು ದೆಹಲಿಯಲ್ಲಿ ಇರಬಾರದೆಂಬ ಷರತ್ತಿನೊಂದಿಗೆ ಮಧ್ಯಂತರ ಜಾಮೀನು ಕೊಟ್ಟಿತು. ಪ್ರತಿಯಾಗಿ ನಡೆದ ಹತ್ಯೆಗಳ ಆರೋಪದಲ್ಲಿ ಸೆರೆಯಲ್ಲಿದ್ದ ನಾಲ್ವರು ರೈತರಿಗೂ ಕೊಟ್ಟಿತು. ಒಂಬತ್ತು ತಿಂಗಳ ಹಿಂದೆ ಇದ್ದ ಆರೋಪದ ಗಾಂಭೀರ್ಯ ಆಗಲೂ ಅಷ್ಟೇ ಇತ್ತು. ಹೊಸದಾಗಿ ಎದುರಿಗೆ ಬಂದದ್ದು ಆ ಐದು ವರ್ಷಗಳ ಲೆಕ್ಕ.

ಜಾಮೀನು ಕೊಟ್ಟರೆ ನ್ಯಾಯ ಸಾಯುತ್ತದೆ, ಕೊಡದಿದ್ದರೆ ಉಳಿಯುತ್ತದೆ ಎಂಬ ಲೆಕ್ಕ ಎಷ್ಟು ಹುಸಿಯೆಂಬುದಕ್ಕೆ ಎರಡು ಪ್ರಕರಣಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ಬಿಹಾರದ ಪೂರ್ಣಿಯಾದ ಕಮ್ಯುನಿಸ್ಟ್ ಶಾಸಕ ಅಜಿತ್ ಸರ್ಕಾರ್ 1998ರ ಜೂನ್ 14ರಂದು ಗುಂಡೇಟಿಗೆ ಬಲಿಯಾದರು. ಆರೋಪಿಯಾದ ಸಂಸದ ರಾಜೇಶ್ ರಂಜನ್ ಅಲಿಯಾಸ್ ಪಪ್ಪು ಯಾದವ್ ಅವರಿಗೆ ಪಟ್ನಾ ಹೈಕೋರ್ಟು ಕೊಟ್ಟ ಜಾಮೀನನ್ನು ಸುಪ್ರೀಂ ಕೋರ್ಟು 2004ರಲ್ಲಿ ರದ್ದು ಮಾಡಿತು, ಜೈಲಿನ ಸೌಲಭ್ಯಗಳ ದುರ್ಬಳಕೆ ಕಂಡು 2005ರಲ್ಲಿ ಅವರನ್ನು ಪಟ್ನಾದಿಂದ ತಿಹಾರ್ ಜೈಲಿಗೆ ಕಳಿಸಿತು. ಆ ತೀರ್ಪುಗಳು ಇಂದಿಗೂ ಜಾಮೀನನ್ನು ವಿರೋಧಿಸುವ ಅಭಿಯೋಜಕರ ಮೊದಲ ಆಸರೆ. 2008ರಲ್ಲಿ ಅವರಿಗೆ ಜೀವಾವಧಿ ಶಿಕ್ಷೆಯಾಯಿತು. 2013ರಲ್ಲಿ ಪಟ್ನಾ ಹೈಕೋರ್ಟು ಸಾಕ್ಷ್ಯ ಸಾಲದೆಂದು ಅವರನ್ನು ಖುಲಾಸೆ ಮಾಡಿತು. ಇನ್ನೊಂದೆಡೆ, ಕೇರಳದ ಮೂವಾಟ್ಟುಪುಳದಲ್ಲಿ 2010ರ ಜುಲೈ 4ರಂದು ಪ್ರಾಧ್ಯಾಪಕ ಟಿ. ಜೆ. ಜೋಸೆಫ್ ಅವರ ಬಲಗೈಯನ್ನು ಕಡಿದು ಹಾಕಿದ ಪ್ರಕರಣವಿದೆ. ವರ್ಷಗಳ ಕಾಲ ತಲೆಮರೆಸಿಕೊಂಡಿದ್ದು 2015ರಲ್ಲಿ ಸಿಕ್ಕಿಬಿದ್ದ ಆರೋಪಿ ನಜೀಬ್‌ಗೆ, ಯುಎಪಿಎ ಎಂಬ ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆಯ ಬಿಗಿ ನಿರ್ಬಂಧವಿದ್ದಾಗ್ಯೂ, ಕೇರಳ ಹೈಕೋರ್ಟು ಜಾಮೀನು ಕೊಟ್ಟಿತು. 276 ಸಾಕ್ಷಿಗಳ ವಿಚಾರಣೆ ಬಾಕಿಯಿದ್ದು, ಐದು ವರ್ಷ ಕಳೆದ ಮೇಲೆ, ಸಂವಿಧಾನದ 21ನೆಯ ವಿಧಿಯ ಜೀವಿಸುವ ಮತ್ತು ಸ್ವಾತಂತ್ರ್ಯದ ಹಕ್ಕನ್ನು ಯಾವ ವಿಶೇಷ ಕಾಯ್ದೆಯೂ ಕಸಿಯಲಾಗದೆಂದು 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. 2023ರ ಜುಲೈನಲ್ಲಿ ಎನ್‌ಐಎ ನ್ಯಾಯಾಲಯ ಅದೇ ನಜೀಬ್‌ನನ್ನು ಅಪರಾಧಿಯೆಂದು ತೀರ್ಮಾನಿಸಿ ಜೀವಾವಧಿ ಶಿಕ್ಷೆ ವಿಧಿಸಿತು. ಸೆರೆಯಲ್ಲಿಟ್ಟವನು ಕೊನೆಗೆ ಬಿಡುಗಡೆಯಾದ, ಬಿಟ್ಟವನು ಕೊನೆಗೆ ಸೆರೆಗೆ ಹೋದ. ಜಾಮೀನಿನ ಆದೇಶವನ್ನು ತೀರ್ಪೆಂದು ಓದುವವರು ಈ ಜೋಡಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಜಾಮೀನಿನಿಂದ ನಿಜವಾಗಿಯೂ ಕೇಡಾಗುವ ಪ್ರಸಂಗಗಳಿಲ್ಲವೇ? ಇವೆ. 2020ರ ಜುಲೈನಲ್ಲಿ ಕಾನ್ಪುರದ ಬಳಿಯ ಬಿಕ್ರು ಗ್ರಾಮದಲ್ಲಿ ಎಂಟು ಪೊಲೀಸರ ಹತ್ಯೆಯಾದಾಗ, ಪ್ರಮುಖ ಆರೋಪಿ ವಿಕಾಸ್ ದುಬೆ ಹತ್ತಾರು ಪ್ರಕರಣಗಳಿದ್ದೂ ಜಾಮೀನಿನ ಮೇಲೆ ಹೊರಗಿದ್ದನೆಂಬುದನ್ನು ಕೇಳಿ ಆಗಿನ ಮುಖ್ಯ ನ್ಯಾಯಮೂರ್ತಿ ಎಸ್. ಎ. ಬೋಬ್ಡೆ ದಿಗ್ಭ್ರಮೆ ವ್ಯಕ್ತಪಡಿಸಿದ್ದರು. ಸಹ ಆರೋಪಿಗೆ ಕೊಟ್ಟಿದ್ದರಿಂದ ಇವನಿಗೂ ಕೊಡಬೇಕೆಂಬ ಸಮಾನತೆಯ ವಾದವನ್ನು ಹಳೆಯ ಅಪರಾಧಿಗಳಿಗೆ ಯಾಂತ್ರಿಕವಾಗಿ ಅನ್ವಯಿಸಬಾರದೆಂದು ಸುಪ್ರೀಂ ಕೋರ್ಟು 2014ರ ನೀರೂ ಯಾದವ್ ಪ್ರಕರಣದಲ್ಲಿಯೇ ಎಚ್ಚರಿಸಿತ್ತು. ಕಾರಣಗಳನ್ನೇ ಬರೆಯದ ಒಂದೂವರೆ ಪುಟದ ಜಾಮೀನು ಆದೇಶಗಳನ್ನು ಅದು ಮತ್ತೆ ಮತ್ತೆ ತಿರಸ್ಕರಿಸಿದೆ. ಇಂಥಲ್ಲಿ ಆಕ್ಷೇಪ ನ್ಯಾಯವಾದುದೇ; ಆದರೆ ಅದು ಜಾಮೀನು ಕೊಟ್ಟ ರೀತಿಯ ಮೇಲಿನ ಆಕ್ಷೇಪ.

ಇನ್ನು ಹಣದ ಜಾಮೀನಿನ ವಿಷಯ. ಪಹಣಿ ಹಿಡಿದು ನ್ಯಾಯಾಲಯಕ್ಕೆ ಬರುವ ಜಾಮೀನುದಾರ ಆರೋಪಿಯ ಹಾಜರಿಗೆ ಹೊಣೆಯಾಗಬಲ್ಲ, ಸಾಕ್ಷಿಯ ಸುರಕ್ಷತೆಗೆ ಹೊಣೆಯಾಗಲಾರ. 1978ರ ಮೋತಿ ರಾಮ್ ಪ್ರಕರಣದಲ್ಲಿ ಬಡ ಗಾರೆ ಕೆಲಸದವನೊಬ್ಬನಿಗೆ 10,000 ರೂಪಾಯಿಯ ಭದ್ರತೆ ಕೇಳಿ, ಸೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ಅದನ್ನೂ ಒಪ್ಪದಿದ್ದುದನ್ನು ಸುಪ್ರೀಂ ಕೋರ್ಟು ಖಂಡಿಸಿ ದಶಕಗಳೇ ಕಳೆದಿವೆ. ಆದರೂ ಉಳ್ಳವನು ಘೋರ ಆರೋಪದಲ್ಲೂ ಹೊರಗೆ, ಇಲ್ಲದವನು ಹಗುರ ಆರೋಪದಲ್ಲೂ ಒಳಗೆ ಎಂಬ ಸ್ಥಿತಿ ಮರೆಯಾಗಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ಪ್ರಕಾರ 2022ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ, ಎಂದರೆ ಶೇ. 75.8ರಷ್ಟು, ವಿಚಾರಣಾಧೀನ ಕೈದಿಗಳು. ಅಪರಾಧ ಇನ್ನೂ ರುಜುವಾತಾಗದವರು.

ಆರಂಭದಲ್ಲಿ ಹೇಳಿದ ದಿನಗಳ ಲೆಕ್ಕಕ್ಕೆ ಈಗ ಬರಬಹುದು. ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆಯ ಪ್ರಕರಣಗಳಲ್ಲಿ 90 ದಿನದೊಳಗೆ, ಉಳಿದವುಗಳಲ್ಲಿ 60 ದಿನದೊಳಗೆ ದೋಷಾರೋಪ ಪಟ್ಟಿ ಸಲ್ಲಿಕೆಯಾಗದಿದ್ದರೆ ಆರೋಪಿಗೆ ಜಾಮೀನು ಹಕ್ಕಾಗಿ ದೊರೆಯುತ್ತದೆ; ಕೊಲೆ ಆರೋಪಿಗೂ ಇದು ಅನ್ವಯ. ಪಟ್ಟಿ ಸಲ್ಲಿಕೆಯಾದ ಮೇಲೆ ಇಂಥ ರಕ್ಷಣೆಯಿಲ್ಲ. ಗರಿಷ್ಠ ಶಿಕ್ಷೆಯ ಅರ್ಧ ಕಾಲ ಸೆರೆಯಲ್ಲಿ ಕಳೆದವರನ್ನು ಬಿಡಬೇಕೆಂಬ ನಿಯಮವೊಂದು ಹಳೆಯ ಸಂಹಿತೆಗೆ 436ಎ ಕಲಮಾಗಿ ಸೇರಿತ್ತು, ಮರಣದಂಡನೆಯ ಅಪರಾಧಗಳಿಗೆ ಮಾತ್ರ ಅದು ಅನ್ವಯಿಸುತ್ತಿರಲಿಲ್ಲ. ಹೊಸ ಸಂಹಿತೆಯ 479ನೆಯ ಕಲಮು ಮೊದಲ ಬಾರಿಯ ಆರೋಪಿಗಳಿಗೆ ಮೂರನೆಯ ಒಂದು ಭಾಗ ಸಾಕೆಂದು ಔದಾರ್ಯ ತೋರಿತಾದರೂ, ಜೀವಾವಧಿ ಶಿಕ್ಷೆಗೆ ಅವಕಾಶವಿರುವ ಅಪರಾಧಗಳನ್ನೂ ವಿನಾಯಿತಿಯಿಂದ ಹೊರಗಿಟ್ಟು, ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದರಲ್ಲಿ ಹಿಂತೆಗೆದುಕೊಂಡಿತು. ಇದರೊಂದಿಗೆ, ಅತ್ಯಾಚಾರ, ಕೊಲೆಯಂಥ ಪ್ರಕರಣಗಳಲ್ಲಿ ಸಾಕ್ಷಿಗಳ ವಿಚಾರಣೆ ಒಮ್ಮೆ ಆರಂಭವಾದ ಮೇಲೆ ಸಾಮಾನ್ಯವಾಗಿ ಜಾಮೀನು ಕೊಡಬಾರದೆಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಪೀಠವೊಂದು ಕೊಟ್ಟ ಸಲಹೆಯನ್ನು ಸೇರಿಸಿ ಓದಿದರೆ, ವಿಚಾರಣೆ ಬೇಗ ಮುಗಿದರೆ ಮಾತ್ರ ನ್ಯಾಯವಾಗುವ ಒಂದು ನಿಯಮವು ಬೇಗ ಮುಗಿಯದ ವ್ಯವಸ್ಥೆಗೆ ಅಂಟಿಕೊಂಡಿರುವುದು ಕಾಣುತ್ತದೆ. ಇಂಗ್ಲೆಂಡಿನಲ್ಲಿ ಕೊಲೆ ಆರೋಪಿಗೆ ಜಾಮೀನು ಸಿಗುವುದು ಇಲ್ಲಿಗಿಂತ ಸುಲಭವೇನಲ್ಲ, ಕ್ರೌನ್ ಕೋರ್ಟಿನ ನ್ಯಾಯಾಧೀಶರೇ ಅದನ್ನು ನಿರ್ಧರಿಸಬೇಕು. ಆದರೆ ಅಲ್ಲಿ ಸೆರೆಯಲ್ಲಿರುವ ಆರೋಪಿಯ ವಿಚಾರಣೆ ಸಾಮಾನ್ಯವಾಗಿ 182 ದಿನದೊಳಗೆ ಆರಂಭವಾಗಬೇಕು, ಅವಧಿ ವಿಸ್ತರಿಸಲು ಪ್ರಾಸಿಕ್ಯೂಷನ್ ಕಾರಣ ತೋರಬೇಕು. ಬಿಗಿ ಜಾಮೀನಿಗೆ ನೈತಿಕ ಬಲ ಬರುವುದು ಇಂಥ ಎಣಿಕೆಯಿಂದ. ಭಾರತದಲ್ಲಿ ಆ ಎಣಿಕೆಯನ್ನು ನಜೀಬ್ ತೀರ್ಪಿನ ಆಧಾರದ ಮೇಲೆ ಒಂದೊಂದು ಪ್ರಕರಣದಲ್ಲಿ ಒಂದೊಂದು ಪೀಠ ತನಗೆ ತೋಚಿದಂತೆ ಮಾಡುತ್ತಿದೆ, ದೆಹಲಿಯವರೆಗೆ ವಕೀಲರನ್ನು ಕಳಿಸಬಲ್ಲವರಿಗೆ ಅದು ಒದಗುತ್ತಿದೆ.

ಘೋರ ಹಿಂಸೆಯ ಪ್ರಕರಣಗಳಲ್ಲಿ ಸೆರೆಗೆ ಅತ್ಯಂತ ಗಟ್ಟಿಯಾದ ಕಾರಣ ಸಾಕ್ಷಿಗಳ ಭಯವೆಂದು ಒಪ್ಪಿದರೆ ಪರಿಹಾರದ ದಿಕ್ಕೂ ಅಲ್ಲೇ ಇದೆ. ಐನೂರು ಸಾಕ್ಷಿಗಳ ಪಟ್ಟಿಯಲ್ಲಿ ಕಣ್ಣಾರೆ ಕಂಡವರು, ಗಾಯಗೊಂಡವರು, ಹತ್ತಿರದ ಬಂಧುಗಳು ಬೆರಳೆಣಿಕೆಯಷ್ಟೇ ಇರುತ್ತಾರೆ. ಉಳಿದವರು ಪಂಚನಾಮೆಗೆ ಸಹಿ ಹಾಕಿದವರು, ಪೊಲೀಸರು, ವೈದ್ಯರು, ತಜ್ಞರು. ಮೊದಲ ಗುಂಪಿನವರ ಹೇಳಿಕೆ ಮತ್ತು ಪಾಟೀ ಸವಾಲನ್ನು ಆರೋಪ ನಿಗದಿಯಾದ ಕೆಲವೇ ತಿಂಗಳಲ್ಲಿ ಮುಗಿಸಿದರೆ ಅವರನ್ನು ಹೆದರಿಸಿ ಆರೋಪಿ ಪಡೆಯುವ ಲಾಭವೇ ಕುಂದುತ್ತದೆ, ಆಮೇಲಿನ ಜಾಮೀನಿಗೆ ಆಕ್ಷೇಪವೂ ತಗ್ಗುತ್ತದೆ. ಧರ್ಮಗುರು ಆಸಾರಾಂ ವಿರುದ್ಧದ ಅತ್ಯಾಚಾರ ಪ್ರಕರಣದ ಸಾಕ್ಷಿಗಳ ಮೇಲೆ ದಾಳಿಗಳಾದ ಬಳಿಕ ಸುಪ್ರೀಂ ಕೋರ್ಟು 2018ರಲ್ಲಿ ಸಾಕ್ಷಿ ರಕ್ಷಣಾ ಯೋಜನೆಗೆ ಒಪ್ಪಿಗೆಯ ಮುದ್ರೆ ಒತ್ತಿ ಅದನ್ನು ದೇಶದ ಕಾನೂನೆಂದೇ ಸಾರಿತು. ಹೊಸ ಸಂಹಿತೆಯ 398ನೆಯ ಕಲಮು ಪ್ರತಿ ರಾಜ್ಯವೂ ಇಂಥ ಯೋಜನೆ ಮಾಡಲೇಬೇಕೆಂದು ಹೇಳುತ್ತದೆ. ಕಾಗದದ ಮೇಲೆ ಅಸ್ತ್ರಗಳಿಗೆ ಕೊರತೆಯಿಲ್ಲ.

ಹೊಸ ಸಂಹಿತೆ ಕಾಲಮಿತಿಗಳ ಬಗ್ಗೆ ಬಹಳ ಮಾತನಾಡುತ್ತದೆ. ಸೆಷನ್ಸ್ ಪ್ರಕರಣದಲ್ಲಿ ಮೊದಲ ವಿಚಾರಣೆಯಿಂದ 60 ದಿನದೊಳಗೆ ಆರೋಪ ನಿಗದಿಯಾಗಬೇಕು, ವಾದ ಮುಗಿದ 30 ದಿನದೊಳಗೆ, ಕಾರಣವಿದ್ದರೆ 45 ದಿನದೊಳಗೆ, ತೀರ್ಪು ಬರಬೇಕು. ಆರೋಪ ನಿಗದಿಗೂ ವಾದಕ್ಕೂ ನಡುವೆ ನಡೆಯುವ ಸಾಕ್ಷಿ ವಿಚಾರಣೆ ದಿನದಿನವೂ ನಡೆಯಬೇಕೆಂಬ ಹಳೆಯ ಹಿತನುಡಿಯನ್ನು 346ನೆಯ ಕಲಮು ಪುನರುಚ್ಚರಿಸುತ್ತದೆಯೇ ಹೊರತು, ಅತ್ಯಾಚಾರದ ಪ್ರಕರಣಗಳನ್ನು ಬಿಟ್ಟರೆ, ಅದು ಇಷ್ಟು ದಿನದಲ್ಲಿ ಮುಗಿಯಬೇಕೆಂದು ಹೇಳುವುದಿಲ್ಲ. ಗೌರಿ ಲಂಕೇಶ್ ಪ್ರಕರಣದ ವರ್ಷಗಳು, ಲಖೀಂಪುರದ ಆ ಐದು ವರ್ಷಗಳ ಅಂದಾಜು, ನಜೀಬ್ ಪ್ರಕರಣದ 276 ಸಾಕ್ಷಿಗಳು, ಎಲ್ಲವೂ ಈ ನಡುವಿನ ಹಂತಕ್ಕೆ ಸೇರಿದವು. ಸೆರೆಯಲ್ಲಿರುವ ಆರೋಪಿಯ ಪ್ರಕರಣದಲ್ಲಿ ಪ್ರಮುಖ ಸಾಕ್ಷಿಗಳ ವಿಚಾರಣೆಗೆ ಗಡುವು ಹಾಕುವ ಒಂದು ತಿದ್ದುಪಡಿಯನ್ನು ಸಂಸತ್ತು ಮಾಡಬೇಕು. ಅದು ಬರುವವರೆಗೆ, ಕೊಲೆ ಪ್ರಕರಣಗಳ ಕಣ್ಣುಸಾಕ್ಷಿಗಳನ್ನು ಮೊದಲು ಕರೆಯುವಂತೆ ಸೆಷನ್ಸ್ ನ್ಯಾಯಾಲಯಗಳಿಗೆ ಸುತ್ತೋಲೆ ಹೊರಡಿಸುವುದು ಕರ್ನಾಟಕ ಹೈಕೋರ್ಟಿಗೂ, ಆ ನ್ಯಾಯಾಲಯಗಳಿಗೆ ಬೇಕಾದ ನ್ಯಾಯಾಧೀಶರನ್ನೂ ಅಭಿಯೋಜಕರನ್ನೂ ಒದಗಿಸುವುದು ರಾಜ್ಯ ಸರ್ಕಾರಕ್ಕೂ ಇಂದೇ ಸಾಧ್ಯವಿರುವ ಕೆಲಸ.